ಲೇಖಕರು ಕಾವ್ಯನಾಮ ಇಟ್ಟುಕೊಳ್ಳುವುದು ಯಾಕೆ? ಅದು ಮೋಸ ಅಲ್ವಾ?

ಬಹುಪಾಲು ಸಲ ಮೋಸ ಅಲ್ಲ. ಕುವೆಂಪು ಅಂದರೆ ಕೆ.ವಿ. ಪುಟ್ಟಪ್ಪ, ಅಂಬಿಕಾತನಯದತ್ತ ಅಂದರೆ ಬೇಂದ್ರೆ ಅಂತ ಎಲ್ಲರಿಗೂ ಗೊತ್ತಿತ್ತು. ಮುಚ್ಚಿಟ್ಟದ್ದೇನೂ ಇಲ್ಲ, ಅದು ನಮ್ಮಲ್ಲಿ ರೂಢಿ.

ಕೆಲವರಿಗೆ ಬೇರೆ ದಾರಿ ಇರುವುದಿಲ್ಲ. ಇಂಗ್ಲೆಂಡಿನ ಮೇರಿ ಆನ್ ಇವಾನ್ಸ್ 'ಜಾರ್ಜ್ ಎಲಿಯಟ್' ಆದರು. ಹೆಂಗಸಿನ ಬರಹ ಅಂತ ಜನ ಸುಮ್ನೆ ತಳ್ಳಿಹಾಕಬಾರದು ಅನ್ನುವುದು ಒಂದು ಕಾರಣ.

ನಿಜಕ್ಕೂ ತಲೆಕೆಡಿಸುವುದು ಮುದ್ದಣನ ವಿಷಯ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ ತಾವೇ ಬರೆದ 'ರಾಮಾಶ್ವಮೇಧ'ವನ್ನು ಯಾವುದೋ ಹಳೇ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳಿಸಿದರು. ಬಡ ಮೇಷ್ಟ್ರ ಕಾವ್ಯವನ್ನು ಯಾರು ಕೇಳುತ್ತಾರೆ ಅನ್ನಿಸಿತ್ತೋ ಏನೋ! 1901ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಮುದ್ದಣ ಯಾರೆಂದು ಕನ್ನಡಿಗರಿಗೆ ಖಚಿತವಾದದ್ದು ಆಮೇಲೆ. ಇದು ಸುಳ್ಳೇ, ಒಪ್ಪುತ್ತೇನೆ. ಆದರೆ ನಷ್ಟ ಆದದ್ದು ಓದುಗರಿಗಲ್ಲ, ಅವರಿಗೇ.

ನನ್ನ ಪ್ರಕಾರ ಹೆಸರು ಬದಲಿಸಿದರೆ ತಪ್ಪಿಲ್ಲ. ಬದುಕದ ಬದುಕನ್ನು 'ನನ್ನ ಆತ್ಮಕಥೆ' ಅಂತ ಮಾರಿದರೆ ಅದು ಮೋಸ. ಕಾನೂನಿಗೂ ಗುಪ್ತನಾಮದಿಂದ ತಕರಾರಿಲ್ಲ: ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಅಂಥ ಕೃತಿಗೂ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಕೊಡುತ್ತದೆ.