ಇಂಪೀರಿಯಲ್ ವ್ಯಾಲಿ ಸ್ಮಶಾನದಲ್ಲಿ ಶಿಲುಬೆ ಇರೋ ಕಲ್ಲಿನ ಮೇಲೆ ‘ಸಿಂಗ್’ ಅಂತ ಯಾಕಿದೆ?

ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿಯಲ್ಲಿರೋ ಎಲ್ ಸೆಂಟ್ರೊ ಕಡೆ ಹೋದಾಗ ಊರಿನ ಸ್ಮಶಾನದಲ್ಲಿ ಸ್ಪ್ಯಾನಿಷ್ ಹೆಸರು, ಅದರ ಜೊತೆ ಸಿಂಗ್, ಮೇಲೆ ಶಿಲುಬೆ ಇರೋ ಕಲ್ಲು ನೋಡಿದೆ, ಆ ಕಾಲದ ಪಂಜಾಬಿಗಳು ಕ್ರಿಶ್ಚಿಯನ್ ಆಗಿಬಿಟ್ಟಿದ್ರಾ, ಇವರ ಬಗ್ಗೆ ಎಲ್ಲಿ ಹುಡುಕೋದು ಅಂತ ಕೇಳಿದ್ದೀರಿ.

ಆಗಿರಲಿಲ್ಲ, ಬಹುತೇಕರು ಆಗಿರಲಿಲ್ಲ. ನೀವು ನೋಡಿದ್ದು ಹೆಚ್ಚಾಗಿ ಒಬ್ಬ ಪಂಜಾಬಿ ರೈತನ ಮೆಕ್ಸಿಕನ್ ಹೆಂಡತಿ ಅಥವಾ ಮಗಳ ಕಲ್ಲು. ನಾನು ಸ್ಯಾನ್ ಡಿಯಾಗೋದಲ್ಲಿರೋದು, ಚಳಿಗಾಲದ ವೀಕೆಂಡ್‌ಗಳಲ್ಲಿ ಆ ಕಡೆ ಹೋಗಿ ಹಳೇ ಕಲ್ಲುಗಳ ಫೋಟೋ ತೆಗೆದು ಫೈಂಡ್ ಎ ಗ್ರೇವ್ ಅನ್ನೋ ಸಮಾಧಿಗಳ ವೆಬ್‌ಸೈಟ್‌ಗೆ ಹಾಕ್ತಿರ್ತೀನಿ, ಹಾಗಾಗಿ ಸ್ವಲ್ಪ ವಿವರವಾಗೇ ಹೇಳ್ತೀನಿ.

ಮೊದಲು ಈ ವ್ಯಾಲಿಯ ವಿಷಯ. 1901ರಲ್ಲಿ ಕೊಲೊರಾಡೋ ನದಿಯಿಂದ ಕಾಲುವೆ ನೀರು ಬರೋ ತನಕ ಅದು ಬರೀ ಮರುಭೂಮಿ. ನಮ್ಮಲ್ಲಿ ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು ಸುತ್ತ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಕೊಂಡ್ರಲ್ಲ, ಅಲ್ಲೂ ನೀರಿನ ಹಿಂದೆಯೇ ಜನ ಬಂದ್ರು, ಸ್ವಿಸ್ಸರು, ಜಪಾನಿಗಳು, ಮೆಕ್ಸಿಕನ್ನರು, 1910ರ ಹೊತ್ತಿಗೆ ಪಂಜಾಬಿಗಳೂ ಬಂದು ಹತ್ತಿ, ಕರ್ಬೂಜ ಬೆಳೆಯೋಕೆ ಶುರು ಮಾಡಿದ್ರು. ಎಲ್ಲಾ ಗಂಡಸರೇ. ಎಷ್ಟೋ ಜನಕ್ಕೆ ಊರಲ್ಲಿ ಹೆಂಡತಿ ಇದ್ರೂ ಕರೆಸ್ಕೊಳ್ಳೋಕೆ ಆಗಲಿಲ್ಲ, ಯಾಕಂದ್ರೆ 1917ರ ಕಾನೂನು ಭಾರತದಿಂದ ವಲಸೆ ಬರೋದನ್ನೇ ನಿಲ್ಲಿಸಿಬಿಡ್ತು. ಇಲ್ಲೇ ಬಿಳಿ ಹೆಂಗಸರನ್ನ ಮದುವೆ ಆಗೋಣ ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ 1948ರವರೆಗೂ ಜನಾಂಗ ನೋಡಿ ಮದುವೆ ತಡೆಯೋ ಕಾನೂನಿತ್ತು. ಮೆಕ್ಸಿಕನ್ ಹೆಂಗಸರ ಜೊತೆ ಮದುವೆಗೆ ಮಾತ್ರ ಕೌಂಟಿ (ಅಂದ್ರೆ ನಮ್ಮ ಜಿಲ್ಲೆ ಥರ) ಕ್ಲರ್ಕ್‌ಗಳು ಸಾಮಾನ್ಯವಾಗಿ ಲೈಸೆನ್ಸ್ ಕೊಡ್ತಿದ್ರು, ಇಬ್ಬರ ಬಣ್ಣನೂ ಕಂದು ಅಂತ ಫಾರಂನಲ್ಲಿ ಬರೆದು. ಹೀಗೆ ನೂರಾರು ಸಂಸಾರ ಆಯ್ತು. ಅಮ್ಮ ಕ್ಯಾಥೊಲಿಕ್, ಮಕ್ಕಳಿಗೂ ಚರ್ಚಲ್ಲೇ ದೀಕ್ಷಾಸ್ನಾನ, ಅಪ್ಪ ಸಿಖ್ಖನಾಗಿಯೇ ಉಳಿದ, ಮನೇಲಿ ಅದಕ್ಕೆ ತಕರಾರು ಇರ್ತಿರಲಿಲ್ಲ.

ಈಗ ಕಲ್ಲಿಗೆ ಬರೋಣ. ಸಿಖ್ಖರನ್ನ, ಹಿಂದೂಗಳನ್ನ ಸುಡ್ತಿದ್ರು, ಆದ್ದರಿಂದ ಅಷ್ಟು ದುಡಿದ ಆ ಗಂಡಸರಲ್ಲಿ ಹೆಚ್ಚಿನವರಿಗೆ ಕಲ್ಲೇ ಇಲ್ಲ. ಅವರ ಜೊತೆ ಬಂದ ಪಂಜಾಬಿ ಮುಸ್ಲಿಮರನ್ನ ಹೂಳ್ತಿದ್ರು, ಆದ್ರೆ ಆಗ ಅಮೆರಿಕದಲ್ಲಿ ಭಾರತದಿಂದ ಬಂದವರೆಲ್ಲ ಹಿಂದೂಗಳೇ, 1920, 30, 40ರ ಸೆನ್ಸಸ್‌ನಲ್ಲೂ ಜನಾಂಗದ ಕಾಲಂನಲ್ಲಿ ಹಾಗೇ ಬರೆದಿದ್ದಾರೆ, ಹಾಗಾಗಿ ಕ್ಯಾಲಿಫೋರ್ನಿಯಾದ ಹಳ್ಳಿ ಸ್ಮಶಾನಗಳಲ್ಲಿ ಈ ಮುಸ್ಲಿಮರಿಗೆ ಸಿಕ್ಕ ಜಾಗಕ್ಕೂ ‘ಹಿಂದೂ ಪ್ಲಾಟ್’ ಅಂತಲೇ ಹೆಸರು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಕ್ಯಾಥೊಲಿಕ್ ಸಾಲಿನಲ್ಲಿ. ಸಾಲುಗಳ ನಡುವೆ ಮಕ್ಕಳ ಕಲ್ಲುಗಳನ್ನೂ ಬಿಡದೆ ನೋಡಿ, ಮೊಣಕಾಲೆತ್ತರಕ್ಕೂ ಬರಲ್ಲ, ಮೇಲೆ ಮಲಗಿರೋ ಕುರಿಮರಿ ಕೆತ್ತಿರ್ತಾರೆ, ಧೂಳು ಗಾಳಿಗೆ ಅದರ ಕಿವಿ ಮೂಗು ಸವೆದು ಹೋಗಿರುತ್ತೆ, ಹೆಸರು ಓದೋಕೆ ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲೇ ಬೇಕು. ದಯವಿಟ್ಟು ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಬ್ಲೀಚ್ ಹಾಕಬೇಡಿ, ನೀರು ಮತ್ತು ಮೆತ್ತನೆ ಬ್ರಷ್ ಸಾಕು.

ಹುಡುಕೋದಕ್ಕೆ ನನ್ನ ಸಲಹೆ, ಗಂಡಸಿನ ಹೆಸರಿಂದ ಶುರು ಮಾಡ್ಲೇಬೇಡಿ. ಸಿಂಗ್ ಅಂತ ಹಾಕಿದ್ರೆ ಸಾವಿರ ಬರುತ್ತೆ, ಸ್ಪೆಲ್ಲಿಂಗೂ ಒಬ್ಬೊಬ್ಬ ಕ್ಲರ್ಕ್ ಒಂದೊಂದು ಥರ ಬರೆದಿದ್ದಾನೆ. ತಾಯಿ ಹೆಸರು ಹಿಡ್ಕೊಳ್ಳಿ, ಆಮೇಲೆ ಮಕ್ಕಳು. ಮಕ್ಕಳ ದಾಖಲೆ ಮುಖ್ಯ ಆಗೋಕೆ ಇನ್ನೊಂದು ಕಾರಣ ಇದೆ: 1913ರ ಕಾನೂನಿನ ಪ್ರಕಾರ ಪೌರತ್ವ ಪಡೆಯೋ ಅರ್ಹತೆ ಇಲ್ಲದವರು ಜಮೀನು ಕೊಳ್ಳೋ ಹಾಗಿರಲಿಲ್ಲ, 1923ರಲ್ಲಿ ಭಗತ್ ಸಿಂಗ್ ಥಿಂದ್ ಅನ್ನೋ ಪಂಜಾಬಿ ವಲಸಿಗರ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಇಲ್ಲ ಅಂದ್ಬಿಡ್ತು, ಆಗ ಕೆಲವರು ಇಲ್ಲೇ ಹುಟ್ಟಿದ ಮಕ್ಕಳ ಹೆಸರಲ್ಲಿ ಜಮೀನು ಇಟ್ಕೊಂಡ್ರು. ಅಂದ್ರೆ ತೊಟ್ಟಿಲಲ್ಲಿರೋ ಮಗು ಜಮೀನಿನ ಒಡೆಯ, ಅಪ್ಪ ಅದರ ಗಾರ್ಡಿಯನ್! ಇದು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ. 1946ರಲ್ಲಿ ಕಾನೂನು ಬದಲಾಗಿ ಭಾರತೀಯರೂ ಪೌರತ್ವ ಪಡೆಯೋ ಹಾಗಾಯ್ತು, ಅದೇ ವ್ಯಾಲಿಯಲ್ಲಿ ಬೇಸಾಯ ಮಾಡ್ತಿದ್ದ ದಲೀಪ್ ಸಿಂಗ್ ಸೌಂದ್ ಹತ್ತೇ ವರ್ಷಕ್ಕೆ, 1956ರಲ್ಲಿ, ಅಮೆರಿಕದ ಕಾಂಗ್ರೆಸ್‌ಗೆ ಗೆದ್ದರು.

ಕೌಂಟಿ ಆಫೀಸಲ್ಲಿ ಮದುವೆ, ಮರಣ, ಜಮೀನಿನ ದಾಖಲೆ ಇರುತ್ತೆ. ಸೆನ್ಸಸ್ 1950ರವರೆಗೂ ಓಪನ್ ಆಗಿದೆ. ಹಳೇ ಪೇಪರ್‌ಗಳಿಗೆ ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್ ಫ್ರೀ. ಸ್ಮಶಾನದ ಆಫೀಸಲ್ಲಿ ಪ್ಲಾಟ್ ಮ್ಯಾಪ್ ಕೇಳಿ, ಕಲ್ಲಿಲ್ಲದ ಗುಂಡಿಗಳ ಹೆಸರೂ ಅದರಲ್ಲಿರಬಹುದು. ಇಂಪೀರಿಯಲ್ ಊರಿನ ಪಯೊನೀರ್ಸ್ ಮ್ಯೂಸಿಯಂನಲ್ಲಿ ಒಂದೊಂದು ಸಮುದಾಯಕ್ಕೂ ಜಾಗ ಕೊಟ್ಟಿದ್ದಾರೆ, ನಮ್ಮವರದ್ದೂ ಇದೆ.

ಇನ್ನೊಂದು ವಿಷಯ, ಪಕ್ಕದ ಹೋಲ್ಟ್‌ವಿಲ್‌ಗೂ ಹೋಗೋದಾದ್ರೆ ಅಲ್ಲಿನ ಟೆರೇಸ್ ಪಾರ್ಕ್ ಸ್ಮಶಾನದ ಹಸಿರು ಹುಲ್ಲಿನ ಹಿಂದೆ ಒಂದು ಬರಡು ಮಣ್ಣಿನ ಜಾಗ ಇದೆ. ಬಾರ್ಡರ್ ದಾಟುವಾಗ ಬಿಸಿಲಿಗೋ ಕಾಲುವೆಗೋ ಸಿಕ್ಕಿ ಸತ್ತು ಗುರುತು ಸಿಗದ ನೂರಾರು ಜನರನ್ನ ಅಲ್ಲಿ ಹೂಳಿದ್ದಾರೆ, ಇಟ್ಟಿಗೆ ಅಳತೆಯ ಗುರುತಿನ ಮೇಲೆ ‘ಜಾನ್ ಡೋ’ ಅಂತ ಅಷ್ಟೇ, ಹೆಸರು ಗೊತ್ತಿಲ್ಲದ ಗಂಡಸಿಗೆ ಅಮೆರಿಕದಲ್ಲಿ ಹಾಗೆ ಬರೀತಾರೆ. ಈ ಊರುಗಳ ಚರಿತ್ರೆ ಹೇಳುವಾಗ ಅವರನ್ನ ಬಿಟ್ಟು ಹೇಳೋದು ತಪ್ಪು ಅಂತ ನನ್ನ ಅಭಿಪ್ರಾಯ. ಒಳಗೆ ಹೋಗೋ ಮುಂಚೆ ಆಫೀಸಲ್ಲಿ ಪರ್ಮಿಷನ್ ಕೇಳಿ.

ಬೇಸಿಗೇಲಿ ಮಾತ್ರ ಹೋಗ್ಬೇಡಿ, 45 ಡಿಗ್ರಿ ಮಾಮೂಲು. ನೀವು ನೋಡಿದ ಕಲ್ಲಿನ ಮೇಲೆ ಹುಟ್ಟಿದ, ತೀರಿಕೊಂಡ ವರ್ಷ ನೆನಪಿದ್ರೆ ಕೆಳಗೆ ಬರೀರಿ, 1930, 40ರ ಸೆನ್ಸಸ್‌ನಲ್ಲಿ ಆ ಮನೆ ಸಿಗುತ್ತಾ ಅಂತ ನಾನೂ ಹುಡುಕ್ತೀನಿ.