ಶುಕ್ರವಾರದ ರೈಲು ಹಿಡಿಯುವ ಮಾಣಿ

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯಲು ಆ ಹುಡುಗನೂ ಅವನ ಅಮ್ಮನೂ ಒಪ್ಪಿದ್ದಾರೆ. ಓದುವ ವಿಷಯ, ಮನೆಯ ವಿವರ ಎಲ್ಲ ಅಷ್ಟಿಷ್ಟು ಬದಲಿಸಿದ್ದೇನೆ. ವಿಶ್ವವಿದ್ಯಾಲಯ ಯಾವುದು ಅಂತ ಹೇಳುವುದಿಲ್ಲ, ಕೇರಳದ್ದೇ, ದೊಡ್ಡದು, ಅಷ್ಟು ಸಾಕು. ಹುಡುಗನನ್ನು ಮಾಣಿ ಅಂತ ಕರೆಯುತ್ತೇನೆ. ಬೇರೆ ಕಡೆಯವರಿಗೆ ಮಾಣಿ ಅಂದರೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು, ನಮ್ಮ ಕಾಸರಗೋಡಿನಲ್ಲಿ ಹವ್ಯಕರ ಮನೆಯ ಹುಡುಗನಿಗೆ ಹಾಗೆ ಹೇಳುವುದು. ಇವನು ಹವ್ಯಕನೋ ಅಲ್ಲವೋ, ಅದನ್ನೂ ಕೇಳಬೇಡಿ.

ನಾನು ಆಪ್ತಸಲಹೆ ಕೊಡುವವಳು. ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅಮ್ಮ. ಬದಿಯಡ್ಕದ ಆಚೆಯಿಂದ ಬಸ್ಸಿನಲ್ಲಿ ಬಂದಿದ್ದರು. ಕೂತ ಕೂಡಲೇ ಶುರು ಮಾಡಿದರು.

"ಮೇಡಂ, ಇವನಿಗೆ ಎಂತ ಆಗಿದೆ ಅಂತ ಗೊತ್ತಾಗುವುದಿಲ್ಲ. ಪ್ರತಿ ಶುಕ್ರವಾರ ಮನೆಗೆ ಬರ್ತಾನೆ. ಬಂದವ ಕೋಣೆ ಸೇರಿದ್ರೆ ಸೋಮವಾರ ನಸುಕಿನ ರೈಲಿಗೇ ಹೊರಗೆ ಬರುವುದು. ಹಲಸಿನ ಹಪ್ಪಳ ಕರಿದು ಡಬ್ಬಿಗೆ ತುಂಬಿಸಿ ಕೊಟ್ಟರೆ ಹಾಗೇ ವಾಪಸ್ ತರ್ತಾನೆ. ಒಂದೂ ಮುಟ್ಟಿರುವುದಿಲ್ಲ."

ಅಮ್ಮನನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತಿಗೆ ಕೂತೆ. ಮೊದಲ ಇಪ್ಪತ್ತು ನಿಮಿಷ ಒಂದೇ ಉತ್ತರ, "ಎಂತದೂ ಇಲ್ಲ ಮೇಡಂ". ಈ ವಯಸ್ಸಿನವರನ್ನು ಮನಸ್ಸು ಹೇಗಿದೆ ಅಂತ ಕೇಳಿ ಪ್ರಯೋಜನ ಇಲ್ಲ. ಊಟದ ಬಗ್ಗೆ ಕೇಳಿದರೆ ಬಾಯಿ ಬಿಡುತ್ತಾರೆ. ಹಾಸ್ಟೆಲಿನಲ್ಲಿ ರಾತ್ರಿ ಊಟ ಎಷ್ಟು ಗಂಟೆಗೆ, ಯಾರ ಜೊತೆ ಅಂತ ಕೇಳಿದೆ. ಮೆಸ್ ತೆರೆಯುವುದು ಏಳೂವರೆಗೆ. ಇವನು ಏಳು ಇಪ್ಪತ್ತೈದಕ್ಕೇ ಬಾಗಿಲಲ್ಲಿ ನಿಲ್ಲುತ್ತಾನಂತೆ. ಉಳಿದವರು ಬರುವ ಮೊದಲೇ ತಿಂದು ಎದ್ದುಬಿಡಬಹುದು ಅಂತ.

ಅದರ ಹಿಂದಿನ ಕಥೆ ಇಷ್ಟು. ಸೇರಿದ ಮೊದಲ ವಾರ, ಹತ್ತು ಹನ್ನೆರಡು ಜನ ಕೂತ ಟೇಬಲ್, ನೀರಿನ ಜಗ್ ಆ ತುದಿಯಲ್ಲಿ. ಮಾಣಿ ಮಲಯಾಳದಲ್ಲಿ "ಬೆಳ್ಳಂ" ಕೇಳಿದ. ಆ ಕಡೆಯವರು "ವೆಳ್ಳಂ" ಅನ್ನುತ್ತಾರೆ. ಟೇಬಲಿಗೆ ಟೇಬಲೇ ನಕ್ಕಿತು. ಒಬ್ಬ ಅದನ್ನೇ ಅಣಕಿಸಿ ಇನ್ನೊಂದು ಸಲ ಹೇಳಿದ. ಮರುದಿನದಿಂದ ಇವನ ಹೆಸರೇ ಬೆಳ್ಳಂ. ಇವನು ಹತ್ತನೆಯ ತನಕ ಕನ್ನಡ ಮೀಡಿಯಂ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ನಮ್ಮ ಊರಿನ ಎಲ್ಲರ ಹಾಗೆ. ತನ್ನ ಮಲಯಾಳ ತಪ್ಪು ಅಂತ ಅವನಿಗೆ ಹೊಳೆದದ್ದೇ ಆ ಮೆಸ್ಸಿನಲ್ಲಿ. ಅಂದಿನಿಂದ ಬಾಯಿ ಮುಚ್ಚಿದ.

ಅದು ತಪ್ಪೇ ಅಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಮನೆಮಾತೇ ಮಲಯಾಳ ಆಗಿರುವವರೂ ನಮ್ಮ ಕಡೆ ವಕಾರಕ್ಕೆ ಬಕಾರ ಹೇಳುತ್ತಾರೆ. ಕನ್ನಡದಲ್ಲೂ ಹಾಗೇ ಅಲ್ವಾ, ಅವರ "ವಾ" ನಮ್ಮ "ಬಾ", ಅವರ "ವೇಂಡ" ನಮ್ಮ "ಬೇಡ". ಇದನ್ನು ಹೇಳಿದಾಗ ಮಾಣಿ ಮೊದಲ ಸಲ ತಲೆ ಎತ್ತಿ ನೋಡಿದ. 1956ರ ನವೆಂಬರ್ 1ಕ್ಕೆ ಈ ಊರು ಕೇರಳಕ್ಕೆ ಸೇರಿತು, ಆಗ ಹುಡುಗನಾಗಿದ್ದವನ ಮೊಮ್ಮಗ ಈಗ ಅದೇ ರಾಜ್ಯದ ಮೆಸ್ಸಿನಲ್ಲಿ ಒಂದು ಲೋಟ ನೀರು ಕೇಳಲು ಹೆದರುತ್ತಾನೆ ಅಂತ ನನಗೆ ಒಳಗೊಳಗೇ ಸಿಟ್ಟು ಬಂದದ್ದು ಹೌದು. ಆದರೆ ಸಲಹೆ ಕೊಡುವವಳ ಸಿಟ್ಟಿನಿಂದ ಅವನಿಗೆ ಗೆಳೆಯರು ಸಿಕ್ಕುವುದಿಲ್ಲ, ಹಾಗಾಗಿ ನುಂಗಿಕೊಂಡೆ.

ಇನ್ನೊಂದು ವಿಷಯ ಅವನ ಅಪ್ಪನ ಮಾತು. ಹಾಸ್ಟೆಲಿಗೆ ಬಿಡಲು ಹೋದ ದಿನ ಗೇಟಿನಲ್ಲೇ ಬೇರೆ ಬೇರೆ ವಿದ್ಯಾರ್ಥಿ ಸಂಘಟನೆಗಳ ಬಾವುಟ ಹಿಡಿದ ಹುಡುಗರು ಹೊಸಬರನ್ನು ಸ್ವಾಗತಿಸುತ್ತಾ, ಪೆಟ್ಟಿಗೆ ಎತ್ತಿಕೊಡುತ್ತಾ ಇದ್ದರಂತೆ. ಅಪ್ಪ ಅದನ್ನು ನೋಡಿ, "ಓದಲಿಕ್ಕೆ ಬಂದದ್ದು, ಯೂನಿಯನ್ನಿನವರ ಹತ್ತಿರ ಸುಳಿಯಬೇಡ" ಅಂದು ಹೊರಟುಬಿಟ್ಟರು. ಅಪ್ಪನ ಭಯ ನನಗೆ ಅರ್ಥವಾಗುತ್ತದೆ, ಕೇರಳದ ಕ್ಯಾಂಪಸ್ಸಿನ ಗಲಾಟೆಗಳು ಪೇಪರಿನಲ್ಲಿ ಬರುತ್ತವೆ. ಆದರೆ ಇಲ್ಲಿ ವಿದ್ಯಾರ್ಥಿ ಯೂನಿಯನ್ನಿನ ಚೇರ್ಮನ್ ಮಾತ್ರ ಅಲ್ಲ, ಆರ್ಟ್ಸ್ ಕ್ಲಬ್ ಸೆಕ್ರೆಟರಿ, ಮ್ಯಾಗಜಿನ್ ಎಡಿಟರ್, ಆಟೋಟದ ಜನರಲ್ ಕ್ಯಾಪ್ಟನ್ ಎಲ್ಲರೂ ಯೂನಿಯನ್ ಚುನಾವಣೆಯಲ್ಲಿ ಗೆದ್ದು ಬರುವವರೇ. ಯೂನಿಯನ್ ಬೇಡ ಅಂದರೆ ಹಾಡು, ನಾಟಕ, ಫುಟ್‌ಬಾಲ್, ಪತ್ರಿಕೆ ಎಲ್ಲವೂ ಬೇಡ ಅಂದ ಹಾಗೆ. ಮಾಣಿ ಅಪ್ಪನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ.

ಇನ್ನು ಆ ಶುಕ್ರವಾರದ ರೈಲು. ಅದೇ ದೊಡ್ಡ ಪೆಟ್ಟು ಅಂತ ನನಗೆ ಅನ್ನಿಸಿದ್ದು. ವಾರದ ದಿನ ಎಲ್ಲರಿಗೂ ಕ್ಲಾಸು, ಲ್ಯಾಬು, ಅಸೈನ್‌ಮೆಂಟು. ಗೆಳೆತನ ಆಗುವುದು ಶುಕ್ರವಾರ ರಾತ್ರಿಯಿಂದ ಭಾನುವಾರದ ಒಳಗೆ. ಒಟ್ಟಿಗೆ ಬಟ್ಟೆ ಒಗೆಯುವಾಗ, ಗೇಟಿನ ಹೊರಗಿನ ತಟ್ಟುಕಡೆ ಅನ್ನುವ ಬೀದಿ ಬದಿಯ ತಿಂಡಿ ಅಂಗಡಿಯಲ್ಲಿ ಹನ್ನೊಂದು ಗಂಟೆಗೆ ಪೊರೋಟ ತಿನ್ನುವಾಗ, ಯಾರದ್ದೋ ರೂಮಿನಲ್ಲಿ ಏಳು ಜನ ಒಂದು ಲ್ಯಾಪ್‌ಟಾಪಿಗೆ ಮುಖ ಹಾಕಿ ಸಿನಿಮಾ ನೋಡುವಾಗ. ಆ ಹೊತ್ತಿಗೆ ಇವನು ರೈಲಿನಲ್ಲಿ. ಸೋಮವಾರ ಬಂದರೆ ಎಲ್ಲರೂ ನಗುವ ಜೋಕು ಇವನಿಗೆ ಗೊತ್ತಿಲ್ಲ, ಯಾಕೆಂದರೆ ಅದು ಶನಿವಾರ ಹುಟ್ಟಿದ್ದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮಲಯಾಳ, ಇವನು ಒಂದೊಂದಾಗಿ ಓದಿ ಅರ್ಥ ಮಾಡುವಷ್ಟರಲ್ಲಿ ಇನ್ನೂ ನಲ್ವತ್ತು ಮೆಸೇಜು ಬಂದಿರುತ್ತದೆ. ಒಂಟಿತನ ಜಾಸ್ತಿ ಆಯಿತು ಅಂತ ಮನೆಗೆ ಬರುವುದು, ಮನೆಗೆ ಬಂದದ್ದಕ್ಕೆ ಒಂಟಿತನ ಇನ್ನೂ ಜಾಸ್ತಿ.

ಕೇಳಲೇಬೇಕಾದ್ದನ್ನು ಕೇಳಿದೆ. ನಿದ್ದೆ, ಹಸಿವು, ಓದಿನ ಮೇಲೆ ಗಮನ. ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ತುಂಬಾ ಅಪ್ಪ ಅಮ್ಮಂದಿರು ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಇವನು "ಅಷ್ಟೆಲ್ಲ ಇಲ್ಲ ಮೇಡಂ, ಕಾಣೆಯಾದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ ಅಂತ ಅನ್ನಿಸ್ತದೆ" ಅಂದ. ಅದನ್ನು ನಾನು ಹಗುರ ಮಾಡಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವನ ಫೋನಿಗೆ ಹಾಕಿಸಿದೆ. ಪುಕ್ಕಟೆ ಕರೆ, ರಾತ್ರಿಯೂ ಸಿಗುತ್ತಾರೆ. ಪ್ರತಿ ಭೇಟಿಯಲ್ಲೂ ಆ ಪ್ರಶ್ನೆ ಮತ್ತೆ ಕೇಳುತ್ತೇನೆ ಅಂತಲೂ ಹೇಳಿದೆ.

ಇನ್ನು ನಾನು ಮಾಡಿದ ತಪ್ಪು.

ಮಾತಿನ ಮಧ್ಯೆ ಅವನು ಯಕ್ಷಗಾನ ಕಲಿತವನು ಅಂತ ಗೊತ್ತಾಯಿತು. ನಮ್ಮ ಕಡೆಯ ತೆಂಕುತಿಟ್ಟು ಶೈಲಿ, ಎಳೆಯ ವೀರರ ಪುಂಡುವೇಷ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಅದಕ್ಕೆ ಶಾಲೆಯ ತಂಡದಲ್ಲಿ ಹೋದವನು. ಕ್ಯಾಂಪಸ್ಸಿನಲ್ಲಿ ಒಬ್ಬರಿಗೂ ಇದು ಗೊತ್ತಿಲ್ಲ. ನನಗೆ ಉತ್ಸಾಹ ಬಂತು. ಕ್ಯಾಂಪಸ್ಸಿನ ಕಲಾ ಉತ್ಸವ ಹತ್ತಿರ ಇತ್ತು. ಹೆಸರು ಕೊಡು, ವೇಷ ಹಾಕು, ನೀನು ಯಾರು ಅಂತ ತೋರಿಸು ಅಂದೆ. ಸಿನಿಮಾದಲ್ಲಿ ಆಗುವ ಹಾಗೆ ಆಗುತ್ತದೆ ಅಂದುಕೊಂಡಿದ್ದೆ, ಸುಮ್ನೆ.

ಅವನು ಹೋದ. ಅಭಿಮನ್ಯು. ಹಿಮ್ಮೇಳ ರೆಕಾರ್ಡಿನದ್ದು, ಎಂಟು ನಿಮಿಷ. ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹಾಕಿದಾಗ ಇಡೀ ಸಭೆ ಕೂಗಿತಂತೆ. ವಿಡಿಯೋ ಎಲ್ಲ ಗುಂಪುಗಳಲ್ಲಿ ಓಡಾಡಿತು, ಮೂವತ್ತು ಜನ ಸೆಲ್ಫಿ ತೆಗೆಸಿಕೊಂಡರು. ಮರುದಿನ ರಾತ್ರಿ ಏಳು ಇಪ್ಪತ್ತೈದಕ್ಕೆ ಮೆಸ್ಸಿನ ಬಾಗಿಲಲ್ಲಿ ಮತ್ತೆ ಇವನೊಬ್ಬನೇ. ಬಣ್ಣ ತೊಳೆದ ಮುಖವನ್ನು ತುಂಬಾ ಜನಕ್ಕೆ ಗುರುತೇ ಸಿಗಲಿಲ್ಲ.

ಮುಂದಿನ ಭೇಟಿಗೆ ಬಂದಾಗ ಮೊದಲಿಗಿಂತ ಕುಗ್ಗಿದ್ದ. "ನನ್ನ ಹತ್ತಿರ ಇದ್ದದ್ದು ಅದೊಂದೇ ಮೇಡಂ. ಅದನ್ನೂ ತೋರಿಸಿ ಆಯ್ತು." ನಾನು ತಪ್ಪು ಒಪ್ಪಿಕೊಂಡೆ. ನಿನ್ನ ವೇಷ ಸೋಲಲಿಲ್ಲ, ನನ್ನ ಲೆಕ್ಕ ಸೋತದ್ದು ಅಂತ ಬಾಯಿಬಿಟ್ಟೇ ಹೇಳಿದೆ. ಆಮೇಲೆ ಕೇಳಿದೆ, ನಿನ್ನ ಊರಿನ ತಂಡದಲ್ಲಿ ನಿನಗೆ ಹತ್ತಿರದವರು ಯಾರು? ಇಬ್ಬರ ಹೆಸರು ಹೇಳಿದ.

"ಅವರ ಪರಿಚಯ ಆದದ್ದು ರಂಗಸ್ಥಳದಲ್ಲಾ?"

"ಇಲ್ಲಪ್ಪ, ಚೌಕಿಯಲ್ಲಿ." ಅಂದವನೇ ಸ್ವಲ್ಪ ಹೊತ್ತು ಸುಮ್ಮನಾದ. "ಒಬ್ಬ ನಂಗೆ ಗೆಜ್ಜೆ ಕಟ್ಟಿಕೊಡ್ತಿದ್ದ. ಇನ್ನೊಬ್ಬ ಎರಡನೇ ಪ್ರಸಂಗದಲ್ಲಿ ವೇಷ ಇರುವವ, ರಾತ್ರಿ ಎರಡು ಗಂಟೆ ತನಕ ನನ್ನ ಪಕ್ಕದಲ್ಲಿ ತೂಕಡಿಸ್ತಾ ಕೂರ್ತಿದ್ದ. ಮಾತೂ ಜಾಸ್ತಿ ಇಲ್ಲ. ಚಾ ಬಂದ್ರೆ ಎಬ್ಬಿಸುವುದು, ಅಷ್ಟೇ."

ಗೊತ್ತಿಲ್ಲದವರಿಗೆ, ಚೌಕಿ ಅಂದರೆ ಯಕ್ಷಗಾನದ ಬಣ್ಣದ ಮನೆ. ನನಗೆ ಬೇಕಾದ ಮಾತು ಅವನ ಬಾಯಿಂದಲೇ ಬಂತು. ನಿನ್ನ ಕ್ಯಾಂಪಸ್ಸಿನಲ್ಲಿ ಚೌಕಿ ಎಲ್ಲಿ ಉಂಟು, ಹುಡುಕಿಕೊಂಡು ಬಾ ಅಂತ ಕಳಿಸಿದೆ. ಒಂದೇ ಷರತ್ತು, ಅಲ್ಲಿ ಅದೇ ಜನ ಮತ್ತೆ ಮತ್ತೆ ಸಿಗಬೇಕು, ಕೈಗೆ ಕೆಲಸ ಇರಬೇಕು, ಯಾರೂ ನಿನ್ನನ್ನು ನೋಡುತ್ತಾ ಕೂತಿರಬಾರದು.

ಅವನು ಎರಡು ಕಡೆ ಹೇಳಿದ. ಒಂದು ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಏಳು ದಿನದ ಶಿಬಿರ. ರಕ್ತದಾನ ಶಿಬಿರಕ್ಕೆ ಕುರ್ಚಿ ಹೊರುವುದು, ಕ್ಯಾಂಪಸ್ಸಿನ ಪ್ಲಾಸ್ಟಿಕ್ ಹೆಕ್ಕುವುದು. ಕುರ್ಚಿಯ ಒಂದು ತುದಿ ಹಿಡಿದವನಿಗೆ ಇನ್ನೊಂದು ತುದಿ ಹಿಡಿದವನ ಹತ್ತಿರ ಮಾತು ಹುಡುಕಬೇಕಾಗಿಲ್ಲ, "ಎತ್ತು", "ಇಳಿಸು" ಅಂದರೂ ಮಾತೇ. ಇನ್ನೊಂದು, ಆರ್ಟ್ಸ್ ಕ್ಲಬ್ಬಿನ ವೇದಿಕೆ ಕೆಲಸ, ವಯರು ಎಳೆಯುವುದು, ಪರದೆ ಕಟ್ಟುವುದು. ಅದು ಯೂನಿಯನ್ನಿನ ಕೆಳಗೆ ಬರುತ್ತದೆ ಅಂತ ಹಿಂಜರಿದ. ಪರದೆ ಕಟ್ಟಲು ಮೆಂಬರ್‌ಶಿಪ್ ಬೇಕಾಗಿಲ್ಲ, ಯಾರಾದರೂ ರಶೀದಿ ಪುಸ್ತಕ ತಂದರೆ ಬೇಡ ಅನ್ನುವ ಹಕ್ಕು ನಿನಗೆ ಉಂಟು ಅಂದೆ.

ರೈಲಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ನಿಂತೆ. ಮೂರು ವಾರಕ್ಕೆ ಒಮ್ಮೆ ಮನೆ. ಉಳಿದ ಶನಿವಾರಗಳಲ್ಲಿ ಕೋಣೆಯಲ್ಲೇ ಬಿದ್ದುಕೊಂಡಿದ್ದರೂ ಪರವಾಗಿಲ್ಲ, ಬಾಗಿಲು ತೆರೆದಿರಬೇಕು. ಮೆಸ್ಸಿಗೆ ಏಳೂ ಮುಕ್ಕಾಲಿಗೆ ಹೋಗಬೇಕು. ಮೊದಲ ಎರಡು ವಾರ ನರಕ ಅನ್ನಿಸುತ್ತದೆ ಅಂತ ಮೊದಲೇ ಹೇಳಿದ್ದೆ, ಅನ್ನಿಸಿತಂತೆ. ಒಂದು ಶನಿವಾರ ಮಧ್ಯಾಹ್ನ ಫೋನು ಮಾಡಿ ರೈಲು ಸ್ಟೇಷನ್ನಿನಿಂದ ಮಾತಾಡಿದ. ಬೈಯಲಿಲ್ಲ. ಟಿಕೆಟ್ ತೆಗೆದಾಗಿದ್ದರೆ ಬಾ, ಇಲ್ಲದಿದ್ದರೆ ಒಂದು ಚಾ ಕುಡಿದು ಹಿಂದೆ ಹೋಗು ಅಂದೆ. ಆ ಸಲ ಬಂದೇಬಿಟ್ಟ.

ಅಡ್ಡಹೆಸರಿನ ವಿಷಯ ಸೂಕ್ಷ್ಮ. ಕರೆದವರೆಲ್ಲ ಕೆಟ್ಟವರಲ್ಲ, ಹಾಗಂತ ತಮಾಷೆ ಅಂತ ಬಿಟ್ಟುಬಿಡುವ ವಿಷಯವೂ ಅಲ್ಲ. ರ‍್ಯಾಗಿಂಗ್ ವಿರುದ್ಧ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ನಿಯಮ ಮಾಡಿತು. 2016ರಲ್ಲಿ ಅದಕ್ಕೆ ಸೇರಿಸಿದ ಮಾತಿನಲ್ಲಿ ಒಬ್ಬನ ಊರು, ಪ್ರದೇಶ, ಭಾಷೆ ಹಿಡಿದು ಹಿಂಸೆ ಮಾಡುವುದು, ಗುಂಪಿನಿಂದ ಹೊರಗೆ ಇಡುವುದು ಕೂಡ ರ‍್ಯಾಗಿಂಗ್ ಅಂತ ಸ್ಪಷ್ಟವಾಗಿ ಉಂಟು. ದೂರು ಕೊಡಲು 1800-180-5522 ಇದೆ, ದಿನದ 24 ಗಂಟೆಯೂ. ಇದನ್ನೆಲ್ಲ ಅವನಿಗೆ ಓದಿ ಹೇಳಿದೆ. ದೂರು ಕೊಡಬೇಕೋ ಬೇಡವೋ ಅನ್ನುವುದು ಅವನದೇ ತೀರ್ಮಾನ. ಅವನು ಕೊಡಲಿಲ್ಲ. ಬದಲಿಗೆ ಒಂದು ಸಣ್ಣ ಕೆಲಸ ಒಪ್ಪಿದ. ಇಡೀ ಟೇಬಲಿನ ಎದುರು ಜಗಳ ಬೇಡ, ರೂಮ್‌ಮೇಟ್ ಒಬ್ಬನೇ ಸಿಕ್ಕಾಗ ಅವನಿಗೆ ಹೇಳುವುದು. ಏನು ಹೇಳುವುದು ಅಂತ ನನ್ನ ಎದುರೇ ನಾಲ್ಕು ಸಲ ಅಭ್ಯಾಸ ಮಾಡಿದ, ಕೊನೆಗೆ ಉಳಿದದ್ದು ಎರಡೇ ವಾಕ್ಯ. "ನನ್ನ ಊರಲ್ಲಿ ಎಲ್ಲರೂ ಹಾಗೇ ಹೇಳುವುದು. ನೀನು ಆ ಹೆಸರು ಕರೆಯಬೇಡ, ನನಗೆ ಬೇಜಾರಾಗ್ತದೆ." ಅದನ್ನು ಅವನ ಮಲಯಾಳದಲ್ಲೇ ಹೇಳಬೇಕು, ಬಕಾರ ತಿದ್ದದೆ.

ರೂಮ್‌ಮೇಟ್ ತಿರೂರಿನ ಕಡೆಯವನೋ ಏನೋ. ಒಂದು ಗಳಿಗೆ ಪೆಚ್ಚಾದನಂತೆ. ಆಮೇಲೆ ತನ್ನ ಮಾತನ್ನೂ ತಿರುವನಂತಪುರದವರು ಆಡಿಕೊಂಡು ನಗುತ್ತಾರೆ ಅಂದನಂತೆ.

ಅಮ್ಮನ ಜೊತೆಗೂ ಅರ್ಧ ಗಂಟೆ ಮಾತಾಡಿದೆ. ದಿನಾ ಫೋನು ಮಾಡಿ "ಫ್ರೆಂಡ್ಸ್ ಆದ್ರಾ" ಅಂತ ಕೇಳುತ್ತಿದ್ದರು. ಅದು ಅವನಿಗೆ ಪರೀಕ್ಷೆಯ ರಿಸಲ್ಟ್ ಕೇಳಿದ ಹಾಗೆ ಆಗುತ್ತದೆ ಅಕ್ಕಾ, ಊಟಕ್ಕೆ ಎಂತ ಇತ್ತು ಅಂತ ಕೇಳಿ, ಮನೆಯ ದನ ಕರು ಹಾಕಿದ್ದು ಹೇಳಿ ಅಂದೆ. ಅವರಿಗೆ ಇನ್ನೊಂದು ಮಾತು ಹೇಳುವುದು ಕಷ್ಟವಾಯಿತು, ಮಗ ಶುಕ್ರವಾರ ಬಂದರೆ ಅವರಿಗೂ ಖುಷಿ ಆಗುತ್ತಿತ್ತು ಅನ್ನುವುದು. ಅವರೇ ಅದನ್ನು ಒಪ್ಪಿಕೊಂಡು ಸ್ವಲ್ಪ ಅತ್ತರು.

ಈಗ ಐದು ತಿಂಗಳಾಯಿತು. ಇನ್ನೂ ಇಬ್ಬರು ಬೆಳ್ಳಂ ಅಂತಲೇ ಕರೆಯುತ್ತಾರೆ. ಅವರಲ್ಲಿ ಒಬ್ಬನ ಜೊತೆ ಎನ್‌ಎಸ್‌ಎಸ್ ಶಿಬಿರದಲ್ಲಿ ಅಡುಗೆ ಪಾಳಿ ಮಾಡಿ ಬಂದಿದ್ದಾನೆ, ಅವನು ಕರೆದರೆ ಬೇಜಾರಾಗುವುದಿಲ್ಲವಂತೆ, ಇನ್ನೊಬ್ಬ ಕರೆದರೆ ಆಗುತ್ತದಂತೆ. ನೀರಿನ ಜಗ್ ಕೇಳುತ್ತಾನೆ. ಗೆಳೆಯರು ಎಷ್ಟು ಜನ ಅಂತ ನಾನು ಕೇಳಿಲ್ಲ, ಹೇಳಿದ ಕಥೆಗಳಲ್ಲಿ ಮೂರು ಹೆಸರು ಮತ್ತೆ ಮತ್ತೆ ಬಂತು. ಹಪ್ಪಳದ ಡಬ್ಬಿ ಖಾಲಿಯಾಗಿ ಬಂತು ಅಂತ ಅಮ್ಮ ಫೋನು ಮಾಡಿದ್ದರು. ಮುಚ್ಚಳ ಮಾತ್ರ ಬಂದಿಲ್ಲ, ಯಾರ ರೂಮಿನಲ್ಲಿ ಉಳಿಯಿತೋ.

ವೇದಿಕೆಗೆ ಪರದೆ ಕಟ್ಟುವ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬಾ ಅಂದಿದ್ದೇನೆ. ಅಡಿಕೆ ಕೊಯ್ಲು ಮುಗಿಯಲಿ ಅಂತ ತಪ್ಪಿಸಿಕೊಳ್ಳುತ್ತಿದ್ದಾನೆ.