ಪ್ರತಿಕ್ರಿಯೆ: ದಡದ ನೀರಿಗೂ ನಡುನೀರಿಗೂ ವರದಿ ಏಕೆ ಬೇರೆ?

ಸೋಮವಾರಪೇಟೆ ಕಡೆಯ ನಿಮ್ಮ ತೋಟದ ಕೆರೆಯಲ್ಲಿ ದಡದ ನೀರಿಗೂ ನಡುನೀರಿಗೂ ಬ್ಯಾಕ್ಟೀರಿಯಾ ವರದಿ ಬೇರೆ ಬಂದಿದೆ ಅಂದಿರಿ. ಲ್ಯಾಬಿನವರ ತಪ್ಪೇ ಆಗಿರಬೇಕೆಂದಿಲ್ಲ. ದಡಕ್ಕೆ ಸಗಣಿ, ಕೊಳೆತ ಎಲೆ ಸೇರುತ್ತವೆ. ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಹರಿದುಬಂದರೆ ಇನ್ನೂ ಕಷ್ಟ, ಅದು ಕೊಳೆಯುವಾಗ ಆಮ್ಲಜನಕವನ್ನೇ ಹೀರಿಬಿಡುತ್ತದೆ. ಬೇಸಿಗೆಯಲ್ಲಿ ಆಳದ ಕೆರೆ ಪದರಗಟ್ಟುತ್ತದೆ, ಮೇಲಿನ ಬಿಸಿನೀರು ತಳದ ತಣ್ಣೀರಿನೊಡನೆ ಬೆರೆಯುವುದಿಲ್ಲ. ತಳದಲ್ಲಿ ಆಮ್ಲಜನಕ ಮುಗಿದಾಗ ಸಲ್ಫೇಟ್ (ಗಂಧಕದ ಲವಣ) ಬಳಸುವ ಬ್ಯಾಕ್ಟೀರಿಯಾ ಹೆಚ್ಚಬಹುದು. ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದು. ಕೆಸರಿನಲ್ಲಂತೂ ಒಟ್ಟು ಬ್ಯಾಕ್ಟೀರಿಯಾ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು, ಕಾಲಿಟ್ಟು ಕಲಕಿದರೆ ಮಾದರಿ ಕೆಟ್ಟಿತು.

ತೋಡು ಸೇರುವ ಕಡೆ, ನಡು, ತೂಬಿನ ಬಳಿ ಒಂದೇ ಬೆಳಿಗ್ಗೆ ಬೇರೆಬೇರೆ ಮಾದರಿ ತೆಗೆಯಿರಿ, ಬೆರೆಸಬೇಡಿ. ಸ್ಟೆರೈಲ್ (ಕ್ರಿಮಿರಹಿತ) ಬಾಟಲಿಯನ್ನು ಬಾಯಿ ಕೆಳಗಾಗಿ 30 ಸೆಂ.ಮೀ. ಮುಳುಗಿಸಿ, ಅಲ್ಲೇ ತಿರುಗಿಸಿ ತುಂಬಿಸಿ. ಮೇಲೆ ಎರಡು ಬೆರಳು ಖಾಲಿ ಇರಲಿ. ಐಸ್ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಜೋರು ಮಳೆಯ ಮರುದಿನ ಮಾತ್ರ ಬೇಡ.